ಸುಮಿತ್ರಮ್ಮನ ಕೆನ್ನೆಗೊಂದು ಮರದ ದಿಂಬು

ಖರ್ಚಾದದ್ದು ಅಂಗೈಯಗಲದ ಸಿಲ್ವರ್ ಓಕ್ ತುಂಡು, ಹರಿದ ಸೈಕಲ್ ಟ್ಯೂಬ್, ನನ್ನ ಅರ್ಧ ಗಂಟೆ.

ಸ್ನೇಹಿತರೇ, ಬೆಳಿಗ್ಗೆ ಆಲ್ದೂರಿನ ನನ್ನ ಮರಗೆಲಸದ ಅಂಗಡಿಗೆ ಎಸ್ಟೇಟಿನ ಸುಮಿತ್ರಮ್ಮ, ಗುರಿ ನೋಡುವ ಹೊಸ ದುರ್ಬೀನು ಕೂರಿಸಿದ ಖಾಲಿ ರೈಫಲ್ ಹಿಡಿದು ಬಂದರು. ಮಧ್ಯಾಹ್ನ ಅವರ ರೈಫಲ್ ಕ್ಲಬ್ ತಂಡದ ಆಯ್ಕೆಯಿತ್ತು.

"ಈ ಹೊಸ ಸ್ಕೋಪ್ ಸರಿಯಿಲ್ಲ ಮಾರಾಯ, ಗುರಿಯೇ ನಿಲ್ತಿಲ್ಲ. ವಾಪಸ್ ಕಳಿಸ್ಲಿಕ್ಕೆ ಒಂದು ಪೆಟ್ಟಿಗೆ ಮಾಡು."

"ಒಮ್ಮೆ ಗುರಿ ಹಿಡೀರಿ, ಅಮ್ಮ."

ಹಿಡಿದರು. ಸ್ಕೋಪ್ ಎತ್ತರದಲ್ಲಿತ್ತು. ಕಣ್ಣು ಅದಕ್ಕೆ ತಲುಪಲು ಕೆನ್ನೆ ತಾನು ಒರಗಬೇಕಾದ ಮರದ ಹಿಡಿಯಿಂದ ಮೇಲೆದ್ದು, ತಲೆ ಗಾಳಿಯಲ್ಲಿ ತೂಗುತ್ತಿತ್ತು.

"ಸ್ಕೋಪಿಗೇನೂ ಆಗಿಲ್ಲ. ನಿಮ್ಮ ಕೆನ್ನೆಗೆ ದಿಂಬಿಲ್ಲ, ಅಷ್ಟೆ!"

ತುಂಡನ್ನು ಕೆತ್ತಿ, ಹಿಡಿಯ ಮೇಲೆ ಕೂರಿಸಿ, ಟ್ಯೂಬಿನಿಂದ ಬಿಗಿದೆ.

ಸಂಜೆ ಫೋನ್ ಬಂತು: "ಆಯ್ಕೆ ಆದೆ ಮಾರಾಯ! ಕುತ್ತಿಗೆನೂ ನೋಯ್ಲಿಲ್ಲ."

ಅವರಿಗೆ ತಂಡದಲ್ಲಿ ಜಾಗ ಸಿಕ್ಕಿತು. ನನಗೆ ಪೆಟ್ಟಿಗೆಯ ಆರ್ಡರ್ ತಪ್ಪಿತು. ಆದರೆ ಆ ತಂಡದಲ್ಲಿ ಅಂಗೈಯಗಲ ಜಾಗ ನನ್ನದೂ ಇದೆ.