ಬಟ್ಟೆ ಕಟ್ಟದ ನೇರಳೆ ಮರ

ಈಗ ಕೆಂಪು ಬಟ್ಟೆ ಚೂರುಗಳ ಚೀಲ ಹೊತ್ತು ತಿರುಗುವವಳು ನಾನು. "ಅತ್ತಿಗೆ ಹೋದ್ರೂ ಅವ್ರ ಕೆಲ್ಸ ಬಿಡ್ಲಿಲ್ಲ, ದೊಡ್ಡ ಮನಸ್ಸು ನಿಮ್ದು" ಎನ್ನುತ್ತಾರೆ ಜನ. ದೊಡ್ಡ ಮನಸ್ಸಂತೆ! ಮಣ್ಣಂಗಟ್ಟಿ. ನನ್ನ ಮನಸ್ಸು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿದೆ.

ಚೀಲ ಶುರುವಾದದ್ದು ನನ್ನ ಅಣ್ಣ ಸತ್ತ ಮೇಲೆ. ಶೃಂಗೇರಿ ಹತ್ತಿರ, ಮೆಣಸೆ ಕಡೆಯ ನಮ್ಮ ಊರಲ್ಲಿ ಮಂಗ ಸತ್ತರೆ ಹಾಗೇ ಬಿಡುವ ರೂಢಿ ಇರಲಿಲ್ಲ. ಹನುಮಂತನ ಕುಲ ಅಂತ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಹೊಸ ಪಂಚೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದರು. ತೋಟದ ಅಂಚಲ್ಲಿ ಬಿದ್ದಿದ್ದ ಮಂಗವನ್ನು ಅಣ್ಣ ಮಗುವಿನ ಹಾಗೆ ಎತ್ತಿಕೊಂಡು ಹೋದ. ವಾರದಲ್ಲಿ ಜ್ವರ, ಆಮೇಲೆ ಮೂಗಲ್ಲಿ ರಕ್ತ. ಮಂಗನ ಕಾಯಿಲೆ ಎಂದರು. ಮಂಗ ಸತ್ತಾಗ ಅದರ ಮೈಮೇಲಿನ ರಕ್ತ ಹೀರುವ ಉಣುಗುಗಳು ಇಳಿದು ಸುತ್ತಲಿನ ತರಗೆಲೆ ಸೇರುತ್ತವೆ, ಆಮೇಲೆ ಅಲ್ಲಿ ಓಡಾಡಿದವರಿಗೆ ಕಚ್ಚುತ್ತವೆ ಅಂತ ಡಾಕ್ಟರು ಅತ್ತಿಗೆಗೆ ಬಿಡಿಸಿ ಹೇಳಿದರಂತೆ. ಅಷ್ಟರಲ್ಲಿ ಅಣ್ಣ ಹೋಗಿಯಾಗಿತ್ತು.

ತಿಂಗಳು ತುಂಬುವ ಮೊದಲೇ ಅತ್ತಿಗೆ ಧಾರೆ ಸೀರೆ ತೆಗೆದು ಕತ್ತರಿಸುತ್ತ ಕೂತರು. ನಾನು ಹರಿಹಾಯ್ದೆ. "ತಲೆ ಕೆಟ್ಟಿದ್ಯಾ ಅತ್ತಿಗೆ ನಿಮ್ಗೆ? ಅಣ್ಣ ಕೊಟ್ಟ ಸೀರೆ ಅದು!"

"ಕೆಂಪು ಅಂತ ಇರೋದು ಇದೊಂದೇ ಮಾರಾಯ್ತಿ," ಎಂದರು. ಕತ್ತರಿ ನಿಲ್ಲಿಸಲಿಲ್ಲ.

ಮಂಗ ಸತ್ತ ಜಾಗದ ಸುತ್ತಲಿನ ಮರಗಳಿಗೆ ಬಟ್ಟೆ ಕಟ್ಟುವುದು, ಅದರೊಳಗೆ ಯಾರೂ ಕಾಲಿಡದ ಹಾಗೆ ನೋಡಿಕೊಳ್ಳುವುದು, ಆರೋಗ್ಯ ಇಲಾಖೆಯವರಿಗೆ ಫೋನ್ ಮಾಡುವುದು. ಇಷ್ಟೇ ಕೆಲಸ. ಇಷ್ಟಕ್ಕೇ ಅವರು ಎಷ್ಟು ಬೈಸಿಕೊಂಡರು! ಬಟ್ಟೆ ಕಟ್ಟಿದ ಮನೆಗೆ ಆಳುಗಳು ಬರುವುದಿಲ್ಲ, ನೆಂಟರು ಬರುವುದಿಲ್ಲ. ಇವರು ಕಟ್ಟಿ ಬಂದರೆ ಹಿಂದಿನಿಂದಲೇ ಬಿಚ್ಚಿ ಎಸೆಯುವವರಿದ್ದರು. ಮತ್ತೆ ಹೋಗಿ ಕಟ್ಟುತ್ತಿದ್ದರು. ನಾಲ್ಕು ಸಲ ಬಿಚ್ಚಿದವರ ಮನೆಗೆ ಐದನೇ ಸಲ ಹೋಗಿ, ಕಾಫಿ ಕೊಡಿ ಅಂತ ಕೇಳಿ ಕುಡಿದು, ಕಟ್ಟಿ ಬಂದರು. ಹದಿನೈದು ವರ್ಷ ಹೀಗೇ. ಕೊನೆಕೊನೆಗೆ ನೆಮ್ಮಾರ್‌ನಿಂದ, ಬೇಗಾರ್‌ನಿಂದ ಜನರೇ ಫೋನ್ ಮಾಡುತ್ತಿದ್ದರು. ಸೊಪ್ಪಿಗೆ ಹೋಗುವ ಹೆಂಗಸರು ಮೊದಲು ತಲೆಯೆತ್ತಿ ಬಟ್ಟೆ ಇದೆಯಾ ನೋಡಿ, ಆಮೇಲೆ ಕಾಲಿಡುತ್ತಿದ್ದರು.

ನನ್ನ ಮಗಳ ಮದುವೆಗೆ ನಾಲ್ಕು ದಿನ ಇತ್ತು. ಮನೆಯಂಗಳದಲ್ಲೇ ಮದುವೆ. ಬೆಳಿಗ್ಗೆ ಹಿತ್ತಲಿಗೆ ಹೋದರೆ ನೇರಳೆ ಮರದ ಬುಡದಲ್ಲಿ ಮಂಗ ಸತ್ತು ಬಿದ್ದಿದೆ. ನನ್ನ ತಲೆಗೆ ಮೊದಲು ಹೊಳೆದದ್ದು ಅಣ್ಣನಲ್ಲ, ಬೀಗರು. ಬಟ್ಟೆ ಕಟ್ಟಿದರೆ ಅವರು ಅಂಗಳಕ್ಕೆ ಬರುತ್ತಾರಾ? ಅಡುಗೆಯವರು ಒಲೆ ಹೂಡುತ್ತಾರಾ? ಉದ್ದನೆ ಗಳದಿಂದ ಅದನ್ನು ಚರಂಡಿಗೆ ತಳ್ಳಿ ಮೇಲೆ ತರಗು ಎಳೆದೆ. ಮದುವೆ ಮುಗಿದ ಮಾರನೇ ದಿನ ಹೇಳಿದರಾಯಿತು ಅಂದುಕೊಂಡೆ. ಹಿತ್ತಲಲ್ಲಿ ನಾಗರಹಾವು ಕಂಡಿದೆ, ಯಾರೂ ಆ ಕಡೆ ಹೋಗಬೇಡಿ ಅಂತ ಮನೆಯವರಿಗೆಲ್ಲ ಸುಳ್ಳು ಹೇಳಿದೆ.

ಮಾರನೇ ದಿನ ಹೂವಿಗೆ ಹೇಳಲು ಶೃಂಗೇರಿಗೆ ಹೋಗಿ ಬರುವಷ್ಟರಲ್ಲಿ ಹಾವಿನ ಮಾತು ಕೇಳಿರದ ಅತ್ತಿಗೆ ತಮ್ಮ ಮನೆಯಿಂದ ಬಂದು ಚಪ್ಪರದ ಅರ್ಧ ಕಂಬಗಳಿಗೆ ಹಸಿರು ಸೊಪ್ಪು ಕಟ್ಟಿದ್ದರು. ನೇರಳೆ ಸೊಪ್ಪು.

"ಎಲ್ಲಿಂದ ತಂದ್ರಿ?" ಎಂದೆ.

"ನಿಮ್ಮ ಹಿತ್ಲದ್ದೇ. ಅಲ್ಲೇ ನೆರಳಲ್ಲಿ ಕೂತು ಜೋಡಿಸ್ದೆ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಬಿಸಿನೀರು ಕಾದಿದೆ, ಸ್ನಾನ ಮಾಡಿ ಅತ್ತಿಗೆ" ಎಂದೆ, ಅಷ್ಟೇ.

"ಮದ್ಮಗಳು ನಾನಾ, ನಿನ್ನ ಮಗ್ಳಾ? ಈಗ್ಲೇ ಎಣ್ಣೆ ನೀರು ಶುರು ಮಾಡಿದ್ಯಲ್ಲ!" ಎಂದು ನಕ್ಕು ಮತ್ತೊಂದು ಕಂಬಕ್ಕೆ ಕೈ ಹಾಕಿದರು.

ಮದುವೆ ಚೆನ್ನಾಗಿ ಆಯಿತು. ಬೀಗರು ಊಟ ಹೊಗಳಿದರು. ಮಾರನೇ ದಿನ ನೆಂಟರಿನ್ನೂ ಮನೆಯಲ್ಲಿದ್ದರು, ಹೇಳಲಿಲ್ಲ. ಅದರ ಮಾರನೇ ದಿನ ಅತ್ತಿಗೆಗೆ ಜ್ವರ ಬಂತು.

ಕೊಪ್ಪದ ಆಸ್ಪತ್ರೆಯಲ್ಲಿ ಮಲಗಿಸಿದರು. ಕಣ್ಣು ಕೆಂಡದ ಹಾಗಿತ್ತು. ಅಣ್ಣನಿಗೂ ಹಾಗೇ ಇತ್ತು. ನನ್ನ ಕೈ ಹಿಡಿದು, "ಉಣುಗು ಎಲ್ಲಿ ಹತ್ತಿತೋ ಗೊತ್ತಾಗ್ತಿಲ್ಲ ಕಣೆ. ಬಟ್ಟೆ ಇದ್ದಲ್ಲಿ ನಾನು ಕಾಲೇ ಇಟ್ಟಿಲ್ಲ" ಎಂದರು. ಸ್ವಲ್ಪ ಹೊತ್ತು ಉಸಿರು ತಗೊಂಡು, "ಯಾರೂ ನೋಡದ ಮಂಗ ಎಲ್ಲೋ ಬಿದ್ದಿದೆ. ಹುಡುಕು. ಬಟ್ಟೆ ಕಟ್ಟು. ಮಕ್ಳು ಮರಿ ಓಡಾಡ್ತಾವೆ" ಎಂದರು.

"ಹುಡುಕ್ತೀನಿ" ಎಂದೆ. ಆ ಪದ ಈಗಲೂ ನನ್ನ ನಾಲಿಗೆ ಸುಡುತ್ತದೆ.

ಬಸ್ಸು ಹತ್ತಿ ಊರಿಗೆ ಬಂದು, ಅವರ ಮನೆಯಿಂದ ಚೀಲ ತಗೊಂಡು, ನೆಟ್ಟಗೆ ನನ್ನ ಹಿತ್ತಲಿಗೆ ಹೋದೆ. ನೇರಳೆಗೂ ಸುತ್ತಲಿನ ಮರಗಳಿಗೂ ಕಟ್ಟಿದೆ. ಇಲಾಖೆಯವರಿಗೆ ಫೋನ್ ಮಾಡಿದೆ. ಸಂಜೆಗೆ ಮತ್ತೆ ಅವರ ಮಂಚದ ಪಕ್ಕದಲ್ಲಿದ್ದೆ.

"ಸಿಕ್ತಾ?"

"ಸಿಕ್ತು ಅತ್ತಿಗೆ. ಕಟ್ಟಿ ಬಂದೆ."

ಎಷ್ಟೋ ದಿನದ ಮೇಲೆ ಅವರ ಮುಖ ಸಡಿಲವಾಯಿತು. ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ಬೇಗ ಸಿಕ್ತಲ್ಲ ನಿಂಗೆ" ಎಂದರು.