ಗಂಗಮ್ಮನಿಗೆ ಬೀಸದ ಬಲೆ

ಕಂಪ್ಲಿಯ ಹೊಳೆದಂಡೆಯಲ್ಲಿ ಕೋಳಿ ಕೂಗುವುದು ಇನ್ನೂ ಮುಗಿದಿಲ್ಲ. ಹೊಳೆಮ್ಮ ಆಗಲೇ ಬಿದಿರಿನ ಸೀಳುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಸೀಳನ್ನು ಎತ್ತಿ, ಇನ್ನೊಂದನ್ನು ಕಾಲಲ್ಲಿ ಒತ್ತಿ ಹಿಡಿದು, ಮೂರನೆಯದನ್ನು ನಡುವೆ ನುಗ್ಗಿಸುತ್ತಾರೆ. ನೆಲದ ಮೇಲೆ ಹರಿಗೋಲಿನ ತಳ ನಿಧಾನವಾಗಿ ದುಂಡಗಾಗುತ್ತಿದೆ. ಪಕ್ಕದ ಒಲೆಯ ಮೇಲೆ ಹಳೆಯ ಡಬ್ಬಿಯಲ್ಲಿ ಡಾಂಬರು ಕುದಿಯುತ್ತಿದೆ.

"ದೂರ ಕುಂದ್ರಿ. ಡಾಂಬರ ಅಂಗಿಗೆ ಹತ್ತಿತಂದ್ರ ಜಲ್ಮಕ್ಕ ಹೋಗಂಗಿಲ್ಲ" ಎಂದು ಮಾತಾಡಿಸಲು ಬಂದ ನಮಗೆ ಹೇಳುತ್ತಾರೆ, ತಲೆ ಎತ್ತದೆ.

ಹಂಪಿಗೆ ಬಂದು ಹರಿಗೋಲಿನಲ್ಲಿ ಕೂತು ಫೋಟೊ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ಅದರ ತಳ ಹೆಣೆದದ್ದು ಯಾರು ಎಂದು ಕೇಳಿದವರನ್ನು ಮಾತ್ರ ಹೊಳೆಮ್ಮ ಈವರೆಗೆ ಕಂಡಿಲ್ಲ. ಅದಕ್ಕೆ ಅವರಿಗೆ ಬೇಜಾರೂ ಇಲ್ಲ. "ಮುಳುಗಿದ್ರ ಕೇಳ್ತಾರ್ರಿ. ಕೇಳಿಲ್ಲಂದ್ರ ಗಟ್ಟಿ ಐತಿ ಅಂತ" ಎಂದು ನಗುತ್ತಾರೆ.

ಹೆಣೆಯುವುದು, ಡಾಂಬರು ಬಳಿಯುವುದು, ಹರಿದ ಬಲೆ ಹೊಲಿಯುವುದು, ಹರಿಗೋಲಿಗೆ ಹುಟ್ಟು ಹಾಕುವುದು, ಕಮಲಾಪುರದ ಸಂತೆಯಲ್ಲಿ ಮೀನು ಮಾರುವುದು, ಎಲ್ಲವೂ ಅವರದೇ. ಬಲೆ ಬೀಸುವ ಕೆಲಸವೊಂದು ಮಾತ್ರ ಗಂಡ ತಾಯಪ್ಪನವರದು. ಹಾಗಂತ ತಾಯಪ್ಪ ಮಾಡಿದ ನಿಯಮವಲ್ಲ ಇದು. ಮದುವೆಯಾಗಿ ಬಂದ ಹೊಸದರಲ್ಲಿ ಹೊಳೆಮ್ಮ ಆಸೆಗೆ ಬಲೆಯನ್ನು ಹೆಗಲಿಗೇರಿಸಿದ್ದರು. ಅತ್ತೆ ಭೀಮವ್ವ ಕಿತ್ತುಕೊಂಡು ಕೆಳಗಿಟ್ಟರು.

"ಹೊಳಿ ಅಂದ್ರ ಗಂಗಮ್ಮ, ಹೆಣ್ಮಗಳು. ಹೆಣ್ಣಿನ ಮ್ಯಾಲೆ ಹೆಣ್ಣು ಬಲಿ ಬೀಸಬಾರ್ದು ಅಂದ್ರು ಅತ್ತಿ. ಅವತ್ತಿಂದ ಮುಟ್ಟಿಲ್ರಿ. ಆದ್ರ ಇವ್ರು ಬೀಸಿದಾಗ ಬಲಿ ಗಾಳ್ಯಾಗ ಬಿಚ್ಚಿಕಂತೈತಲ್ಲ, ಅದನ್ನ ನೋಡೀ ನೋಡೀ ಕೈ ಕಡೀತಿದ್ವು."

ಆ ಕಡಿತ ಆರಲು ಹೊಳೆಮ್ಮ ಸಮುದ್ರ ದಾಟಬೇಕಾಯಿತು. ಹೋದ ಚಳಿಗಾಲದಲ್ಲಿ ವಿಯೆಟ್ನಾಮಿನ ಕಡಲೂರೊಂದರಲ್ಲಿ ದುಂಡು ದೋಣಿ ಹೆಣೆಯುವವರ ಮೇಳ ನಡೆಯಿತು. ಅಲ್ಲಿನವರೂ ಬಿದಿರಿನ ಬುಟ್ಟಿಯಂಥ ದೋಣಿಯಲ್ಲೇ ಕಡಲಿಗಿಳಿಯುತ್ತಾರೆ. ಹೊಳೆಮ್ಮ, ತಾಯಪ್ಪ, ಮಗಳು ಲಕ್ಷ್ಮೀ, ಮೂವರಿಗೂ ಕರೆ ಬಂತು. ಜನರಿಗೆ ತೋರಿಸಲೆಂದು ತಾಯಪ್ಪ ತಮ್ಮ ಬೀಸುಬಲೆಯನ್ನೂ ಗಂಟು ಕಟ್ಟಿಕೊಂಡರು.

ಮೇಳ ಮುಗಿದ ಸಂಜೆ, ನಾಳೆ ಬಿಡುವು ಎಂದು ತಿಳಿಯಿತು. ಇವರನ್ನು ಮನೆಯಲ್ಲಿ ಇಳಿಸಿಕೊಂಡಿದ್ದ ಮೀನುಗಾರ್ತಿ, ಬೆಳಿಗ್ಗೆ ಎರಡೂ ಮನೆಯವರು ಸೇರಿ ಮೀನು ಹಿಡಿಯಲು ಹೋಗೋಣ ಎಂದಳು. ರಾತ್ರಿ ಊಟವಾದ ಮೇಲೆ ಮರಳಿನ ಮೇಲೆ ಕೂತು ತಯಾರಿ ಶುರುವಾಯಿತು. ಊರಿಂದ ತಂದು ಉಳಿದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವುದು ಎಂದಾಯಿತು. "ನಾ ಬೀಸ್ತೀನಿ, ನೀ ಹುಟ್ಟು ಹಾಕು, ಲಕ್ಷ್ಮೀ ಫೋಟೊ ಹೊಡೀಲಿ" ಎಂದು ತಾಯಪ್ಪ ಕೆಲಸ ಹಂಚಿದರು.

ಹೊಳೆಮ್ಮನಿಗೆ ಬೇರೆಯೇ ಚಿಂತೆ. "ಇದು ಯಾಕಡಿ ಹರೀತೈತಿ ಕೇಳು" ಎಂದು ಮಗಳಿಗೆ ಹೇಳಿದರು. ಹುಟ್ಟಿದಾರಭ್ಯ ಹೊಳೆಯನ್ನೇ ಕಂಡವರಿಗೆ ಮೇಲುಗಡೆ, ಕೆಳಗಡೆ ತಿಳಿಯದೆ ಹುಟ್ಟು ಹಿಡಿಯುವುದು ಹೇಗೆ? ಲಕ್ಷ್ಮೀ ಫೋನಿನಲ್ಲಿ ಆ ಭಾಷೆಗೆ ತಿರುಗಿಸಿ ಕೇಳಿದಳು. ಮೀನುಗಾರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡಲು ಎತ್ತಲೂ ಹರಿಯುವುದಿಲ್ಲ, ಹೊಳೆಗಳೇ ಬಂದು ಇದನ್ನು ಸೇರುತ್ತವೆ ಎಂದಳು.

ಹೊಳೆಮ್ಮ ನಗಲಿಲ್ಲ. ಗಂಡನ ಕಡೆ ತಿರುಗಿದರು.

"ಹೊಳಿ ಎಲ್ಲಾ ಬಂದು ಸೇರ್ತಾವಂದ್ರ ಇದು ಗಂಡನ ಮನಿ ಆತಲ್ರೀ. ಸಮುದ್ರರಾಜ ಅಂತೀವಿ. ಗಂಡು ಹೌದೋ ಅಲ್ಲೋ?"

"ಹೌದು. ಅದಕ್ಕೇನೀಗ?"

"ಹೆಣ್ಣಿನ ಮ್ಯಾಲೆ ಹೆಣ್ಣು ಬೀಸಬಾರ್ದು ಅಂದಾರ. ಗಂಡಿನ ಮ್ಯಾಲೆ ಬೀಸಬಾರ್ದು ಅಂತ ಯಾರಂದಾರ?"

ಲಕ್ಷ್ಮೀ ಕಿಸಕ್ಕನೆ ನಕ್ಕಳು. ತಾಯಪ್ಪ ಮರಳಿನಲ್ಲಿ ಗೆರೆ ಎಳೆಯುತ್ತ, "ನಮ್ಮವ್ವ ಕೇಳಿದ್ರ?" ಎಂದರು.

"ನಾನ ಹೇಳ್ತೀನಿ."

ಮರುದಿನ ತಾಯಪ್ಪ ಹುಟ್ಟು ಹಿಡಿದರು. ಹೊಳೆಮ್ಮ ಬೀಸಿದ ಬಲೆ ಮೊದಲ ಸಲ ಒದ್ದೆ ಸೀರೆಯ ಮುದ್ದೆಯಂತೆ ದೊಪ್ಪನೆ ಬಿತ್ತು. ಆಮೇಲೂ ಕೆಲವು ಸಲ ಹಾಗೇ ಆಯಿತು. ಭುಜ ಸೋತು ಬಂದು, ಇದೊಂದೇ ಸಲ ಎಂದು ಬೀಸಿದಾಗ ಬಲೆ ಬಿಚ್ಚಿಕೊಂಡಿತು. ಸಿಕ್ಕಿದ್ದು ಹೆಸರು ಗೊತ್ತಿಲ್ಲದ ಮೀನು, ಒಂದು ಬೊಗಸೆಯಷ್ಟು. ಹೊಳೆಮ್ಮ ದೋಣಿಯಲ್ಲೇ ಅತ್ತುಬಿಟ್ಟರು. ಖುಷಿಗೆ ಅತ್ತಿದ್ದು ಎಂದು ಈಗಲೂ ಸಂಕೋಚವಿಲ್ಲದೆ ಹೇಳುತ್ತಾರೆ.

ಊರು ಹತ್ತಿರವಾದಂತೆ, ಅತ್ತೆ ಏನನ್ನುತ್ತಾರೋ ಎಂದು ಆ ಖುಷಿ ಇಳಿಯಿತು. ಮನೆಗೆ ಬಂದವರೇ, ಕೈಕಾಲು ತೊಳೆಯುವ ಮೊದಲೇ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದರು. ಸೊಂಟ ಬಾಗಿದ ಭೀಮವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಬೈಗುಳ ಬರಲಿಲ್ಲ.

"ಬಲಿ ಬಿಚ್ತೇನು?" ಎಂದು ಕೇಳಿದರು.

"ಬಿಚ್ತು, ಅತ್ತಿ."

"ಎಷ್ಟಗಲ?"

ಹೊಳೆಮ್ಮ ಎರಡೂ ಕೈ ಚಾಚಿ ತೋರಿಸಿದರು. ತಾವೂ ಗಂಡನ ಹರಿಗೋಲಿಗೆ ಹುಟ್ಟು ಹಾಕುತ್ತಲೇ ಮುದುಕಿಯಾದ ಭೀಮವ್ವ ಆ ಕೈಗಳನ್ನೇ ನೋಡುತ್ತ ಕೂತರು.

ಹಾಗಾದರೆ ಇನ್ನು ಇಲ್ಲಿಯೂ ಬೀಸುತ್ತೀರಾ ಎಂದರೆ ಹೊಳೆಮ್ಮ ತಲೆ ಅಲ್ಲಾಡಿಸುತ್ತಾರೆ. "ಬ್ಯಾಡ್ರಿ. ಹೊಳಿ ಹೆಣ್ಣು, ಮಾತಂದ್ರ ಮಾತು." ಡಾಂಬರಿನ ಡಬ್ಬಿ ಇಳಿಸುತ್ತ, ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಬ್ಯಾಸಿಗಿ ಬರೂದ್ರಾಗ ಎಲ್ರೂ ಗೋಕರ್ಣಕ್ಕ ಹೊಂಟೀವ್ರಿ. ಅತ್ತಿಗೆ ಇನ್ನಾ ಹೇಳಿಲ್ಲ. ಅಲ್ಲಿ ಹುಟ್ಟು ನಾ ಹಾಕ್ತೀನಿ. ಬಲಿ ಅತ್ತಿ ಬೀಸ್ಲಿ."