ಗೋಡೆಗಿಂತ ತಣ್ಣಗಿದ್ದ ಪ್ರೊಸೆಸರ್

ಸುಂಯ್… ಅಷ್ಟೇ. ಕಿವಿಯ ಹತ್ತಿರ ನುಸಿ ಹಾದುಹೋದಷ್ಟು ಸದ್ದು. ಬೈಲಹೊಂಗಲದ ಬಜಾರದಲ್ಲಿ ನನ್ನ ತಮ್ಮನ ಕಂಪ್ಯೂಟರ್ ಅಂಗಡಿ ಇತ್ತು. ಆ ಬೇಸಿಗೆಯಲ್ಲಿ ಅವನು ಜೋಡಿಸಿದ ಹೊಸ ಮಷೀನಿನ ಫ್ಯಾನ್ ಮಾಡುತ್ತಿದ್ದ ಸದ್ದು ಅದು. ಮೊದಲಿನ ಮಷೀನುಗಳ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿದ್ದವು. ಇದು ಮಾತ್ರ ವೆರಿ ವೆಲ್ ಬಿಹೇವ್ಡ್. ಆ ಮೌನದ ಮೇಲೆಯೇ ಮೊದಲು ಸಂಶಯ ಬರಬೇಕಿತ್ತು. ಆದರೆ ನಮಗಿಬ್ಬರಿಗೂ ಅದು ಚಂದವೇ ಅನ್ನಿಸಿತ್ತು.

ಅರವತ್ತು ದಾಟಿದ ತಮ್ಮನಿಗೆ ಓವರ್‌ಕ್ಲಾಕಿಂಗ್ ಹುಚ್ಚು. ಅಂದರೆ ಕಂಪನಿ ಇಷ್ಟೇ ವೇಗ ಎಂದು ಹೇಳಿ ಕೊಟ್ಟ ಪ್ರೊಸೆಸರನ್ನು ಇನ್ನೂ ಜೋರಾಗಿ ಓಡಿಸುವುದು. ವೇಗ ಹೆಚ್ಚಾದಷ್ಟೂ ಕಾವು ಹೆಚ್ಚು. ಕಾವು ಮಿತಿ ಮೀರಿದರೆ ಮಷೀನು ಕೆಲಸದ ನಡುವೆಯೇ ಪಟ್ಟನೆ ಆಫ್. ಆ ಸಲ ಬಂದದ್ದು ಹಳೆಯ ಹೆಸರಿನದೇ ಪ್ರೊಸೆಸರ್, ಆದರೆ ಹೊಸ ರಿವಿಜನ್. ಪಠ್ಯಪುಸ್ತಕಕ್ಕೆ ರಿವೈಸ್ಡ್ ಎಡಿಶನ್ ಬರುತ್ತದಲ್ಲ, ಹಾಗೆ.

ಆ ಮಷೀನು ಕಿತ್ತೂರಿಗೆ ಹೋಗಬೇಕಿತ್ತು. ಅಲ್ಲಿ ಹೈವೇ ಪಕ್ಕ, ತಗಡಿನ ಛಾವಣಿಯ ಕೋಣೆಯಲ್ಲಿ, ಮದುವೆ ವಿಡಿಯೋ ಎಡಿಟ್ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಹಿಂದೆ ಎಲ್ಲೋ ಕೊಂಡ ಮಷೀನು ಬಿಸಿಲಿಗೆ ಮತ್ತೆ ಮತ್ತೆ ನಿಂತು, ಅವಳ ಕೆಲಸವೆಲ್ಲ ತಡವಾಗಿತ್ತು. "ತೊಟ್ಟಲದಾಗ ಕೂಸು ಬಂದ ಮ್ಯಾಲೆ ಲಗ್ನದ ವಿಡಿಯೋ ಕೊಡ್ತೀ ಏನವಾ?" ಎಂದು ಮದುವೆಯವರಿಂದ ಬೀಗರ ಮುಂದೆ ಬೈಸಿಕೊಂಡಿದ್ದಳು ಪಾಪ. ಇನ್ನೊಂದು ಸೀಸನ್ ಹಾಗಾದರೆ ಸ್ಟುಡಿಯೋ ಮುಚ್ಚುವುದೇ. ತಮ್ಮ ಅವಳಿಗೆ ಮಾತು ಕೊಟ್ಟುಬಿಟ್ಟಿದ್ದ: ಡಬಲ್ ಸ್ಪೀಡ್ ಓಡತದ, ನಡುವ ನಿಲ್ಲೂದಿಲ್ಲ.

ನಾನು ಸವದತ್ತಿಯ ಬಸ್ಸಿಳಿದು, ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತೆಗೆದುಕೊಂಡು ಅಂಗಡಿಗೆ ಹೋದಾಗ ಅವನು ಮಷೀನಿನ ಮುಂದೆ ಹೊಸ ಮದುಮಗನಂತೆ ಕುಳಿತಿದ್ದ.

"ಅಕ್ಕಾ, ಇಲ್ಲೆ ಕೂಡ್ರು. ನೋಡು, ಈಗರ ಚಾಲೂ ಮಾಡೇನಿ. ಮೂವತ್ತೊಂದು ಡಿಗ್ರಿ. ಈ ರಿವಿಜನ್ ಬಂಗಾರ ಐತಿ, ಬಂಗಾರ."

ಗೋಡೆಯ ಮೇಲೆ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಥರ್ಮಾಮೀಟರ್ ತೂಗುತ್ತಿತ್ತು. ಅದರಲ್ಲಿ ಕೋಣೆಯ ಕಾವು ಮೂವತ್ತೊಂಬತ್ತು.

"ಖೋಲಿನ ಮೂವತ್ತೊಂಬತ್ತೈತಿ. ಒಳಗಿಂದು ಮೂವತ್ತೊಂದು ಹೆಂಗ ಆತೋ? ಒಳಗ ಐಸ್‌ಕ್ಯಾಂಡಿ ಇಟ್ಟೀಯೇನು?"

"ಪುಕ್ಕಟ ಬಂದ ಥರ್ಮಾಮೀಟರ್ ನಂಬ್ತಿ, ಇಷ್ಟು ತುಟ್ಟಿ ಸೆನ್ಸರ್ ನಂಬೂದಿಲ್ಲ. ಯಾವ ಕಾನ್ವೆಂಟಿನ್ಯಾಗ ಕಲತಿ ನೀ?"

ಅವನು ಹಟಕ್ಕೆ ಬಿದ್ದು ಒಂದು ಉದ್ದನೆಯ ವಿಡಿಯೋ ಹಚ್ಚಿ ಮಷೀನನ್ನು ದುಡಿಸಿದ. ಸ್ಕ್ರೀನಿನ ಮೇಲಿನ ಕಾವಿನ ಸಂಖ್ಯೆ ಐವತ್ತರ ಆಸುಪಾಸಿನಲ್ಲಿ ಸಂಭಾವಿತನಂತೆ ನಿಂತಿತು. ಫ್ಯಾನ್ ಅದೇ ಸುಂಯ್. ನಾನು ಪ್ರೊಸೆಸರಿನ ಮೇಲೆ ಕೂಡಿಸಿದ ಕೂಲರಿನ ಲೋಹದ ತಳಕ್ಕೆ ಬೆರಳು ತಾಗಿಸಿ ತೆಗೆದೆ.

"ಸುಡಾಕ ಹತ್ತೇತಿ."

"ನಿನ್ನ ಬೆರಳಿಗೇನ ತಿಳೀತದ? ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ಹೊಳ್ಳಿಸಿ ಹಾಕೂವಾಕಿ. ನಿನಗ ಬಿಸಿ ಹತ್ತಬೇಕಾದ್ರ ಕಬ್ಬಿಣ ಕೆಂಪಗಾಗಬೇಕು."

"ಅದಕ್ಕ ಹೇಳಾಕ ಹತ್ತೇನಿ. ನನಗ ಸುಟ್ಟೈತಿ ಅಂದ್ರ ಎಷ್ಟಿರಬೇಕು, ನೀನ ಲೆಕ್ಕಾ ಹಾಕು."

ಅವನು ಸ್ಕ್ರೀನಿನ ಐವತ್ತನ್ನೇ ಬೆರಳಿಟ್ಟು ತೋರಿಸಿದ. ಸೋಲಲಿಲ್ಲ. ನನಗೆ ನಮ್ಮ ಕಾನ್ವೆಂಟಿನ ಲ್ಯಾಬ್ ನೆನಪಾಯಿತು, ಬನ್ಸನ್ ಬರ್ನರಿನ ವಾಸನೆಯ ಸಮೇತ. "ಗರ್ಲ್ಸ್, ಫಸ್ಟ್ ಡೌಟ್ ಯುವರ್ ಇನ್‌ಸ್ಟ್ರುಮೆಂಟ್," ಎನ್ನುತ್ತಿದ್ದರು ಸೈನ್ಸ್ ಸಿಸ್ಟರ್. ಫೇರ್ ಇನಫ್. ಅದನ್ನೇ ತಮ್ಮನಿಗೂ ಹೇಳಿ, ಗೋಡೆಯ ಥರ್ಮಾಮೀಟರನ್ನೇ ಮೊದಲು ಪರೀಕ್ಷೆಗೆ ಕೂಡಿಸೋಣ ಎಂದೆ. ರೊಟ್ಟಿ ಖಾಲಿಯಾದ ಡಬ್ಬಿ ಹಿಡಿದು ಎದುರಿನ ಕಬ್ಬಿನ ಹಾಲಿನ ಗಾಡಿಗೆ ಹೋಗಿ ಪುಡಿ ಮಾಡಿದ ಐಸ್ ಹಾಕಿಸಿಕೊಂಡೆ. ಒಂದಿಷ್ಟು ನೀರು ಸುರಿದು, ಅಲ್ಲೇ ಥರ್ಮಾಮೀಟರಿನ ತುದಿ ಮುಳುಗಿಸಿದೆ.

"ಅದಕ್ಕೇನ ಜ್ವರಾ ಬಂದಾವೇನ್ರಿ ಅಕ್ಕಾರ?" ಎಂದ ಗಾಡಿಯವನು.

"ಅದಕ್ಕಲ್ಲಪಾ, ನಮ್ಮ ತಮ್ಮನ ಮಷೀನಿಗೆ."

ಕೆಂಪು ಗೆರೆ ಇಳಿಯುತ್ತ ಇಳಿಯುತ್ತ ಬಂದು ಸೊನ್ನೆಯ ಹತ್ತಿರವೇ ನಿಂತಿತು. ಕರಗುವ ಐಸ್ ಎಲ್ಲ ಊರಲ್ಲೂ ಸೊನ್ನೆಯೇ. ಪುಕ್ಕಟೆಯದು ಪಾಸಾಯಿತು. ಖೋಲಿಗಿಂತ ತಣ್ಣಗಾಗುವುದು ಫ್ಯಾನಿನಿಂದ ಆಗದ ಮಾತು; ಫೇಲಾದದ್ದು ತುಟ್ಟಿಯದು.

ತಮ್ಮ ಇಂಟರ್ನೆಟ್ ತೆರೆದು ಓದತೊಡಗಿದ. ಎಲ್ಲೆಲ್ಲಿಯೋ ಇರುವ ಇವನಂಥ ಹುಚ್ಚರು ಅದನ್ನೇ ಬರೆದುಕೊಂಡಿದ್ದರು. ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್ ಹಳೆಯ ರಿವಿಜನ್‌ಗೆಂದು ಬರೆದದ್ದು. ಹೊಸದರ ಕಾವನ್ನು ಹಳೆಯ ಲೆಕ್ಕದಲ್ಲೇ ಓದಿ ಕಡಿಮೆ ತೋರಿಸುತ್ತಿತ್ತು. ಫ್ಯಾನೂ ಅದೇ ಸುಳ್ಳನ್ನು ನಂಬಿ ತಣ್ಣಗೆ ಕುಳಿತಿತ್ತು.

"ಕಮ್ಮಿ ಅಂದ್ರೂ ಎಂಟು ಡಿಗ್ರಿ ಫರಕ್ ಐತಿ," ಎಂದ. ಮುಖ ಸಣ್ಣದಾಗಿತ್ತು. "ಕಿತ್ತೂರಿನ ತಗಡಿನ ಕೆಳಗ ಇದು ಮಧ್ಯಾಹ್ನ ದಾಟೂದಿಲ್ಲ. ಆಕಿಗೆ ಏನ್ ಹೇಳ್ಲಿ ಈಗ?"

"ಇದ್ದದ್ದು ಹೇಳು."

ಕಿತ್ತೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ತಂಗಿ, ನಾ ಹೇಳಿದಷ್ಟು ಸ್ಪೀಡ್ ಕೊಡಾಕ ಆಗೂದಿಲ್ಲವಾ. ಕಾವು ತಪ್ಪು ಓದಿದ್ದೆ."

ಆ ಕಡೆ ಹೈವೇಯ ಲಾರಿಗಳ ಸದ್ದು. ಅದರ ನಡುವೆ ಅವಳ ದನಿ: "ನಡುವ ನಿಲ್ಲೂದಿಲ್ಲಲ್ರಿ ಅಣ್ಣಾರ?"

"ಅದಕ್ಕ ಸ್ಪೀಡ್ ಇಳಸಾಕ ಹತ್ತೇನಿ. ನಿಲ್ಲೂದಿಲ್ಲ."

"ಹಂಗಾರ ತರ್ರಿ. ನಿಧಾನ ಓಡಿದ್ರ ಒಂದು ಚಾ ಹೆಚ್ಚಿಗಿ ಕುಡೀತೇನಿ. ನಿಂತ್ರ ಮಾತ್ರ ಬೈಗಳ ತಿನ್ನಾಕ ನಿಮ್ಮನ್ನ ಕಳಸ್ತೇನಿ ನೋಡ್ರಿ."

ತಮ್ಮ ನಕ್ಕ. ವೇಗವನ್ನು ಕಂಪನಿ ಹೇಳಿದಲ್ಲಿಗೇ ಇಳಿಸಿದ, ಫ್ಯಾನನ್ನು ಪೂರ್ತಿ ಜೋರಿಗೆ ಬಿಟ್ಟ. ಅಂಗಡಿಯ ತುಂಬ ಮತ್ತೆ ಗಿರಣಿ. ಮಷೀನಿನ ಜೊತೆ ಆ ಥರ್ಮಾಮೀಟರೂ ಕಿತ್ತೂರಿಗೆ ಹೋಯಿತು. ಖೋಲಿಯ ಕಾವು ನೋಡಿ ಸ್ಕ್ರೀನಿನ ಮಾತು ತೂಗಿ ನೋಡಬೇಕಲ್ಲ. ಆ ಸೀಸನ್ ಪೂರ್ತಿ ಮಷೀನು ಒಮ್ಮೆಯೂ ನಿಲ್ಲಲಿಲ್ಲ.

ಆಷಾಢದಲ್ಲಿ ನಾನು ದೇಗಾಂವದ ಗುಡಿಗೆ ಹೋಗಿ ಹೊರಳಿ ಬರುವಾಗ ಕಿತ್ತೂರಿನ ಬಸ್ ನಿಲ್ದಾಣದಲ್ಲಿ ತಮ್ಮ ಸಿಕ್ಕ. ಹೊಸ ಸಾಫ್ಟ್‌ವೇರ್ ಬಂದಿತ್ತಂತೆ, ಸ್ಟುಡಿಯೋದಲ್ಲಿ ಹಾಕಿ ಬಂದಿದ್ದ. "ಈಗ ಸ್ಕ್ರೀನ್ ಖರೇ ಹೇಳತದ ಅಕ್ಕಾ. ಕೊಟ್ಟ ಮಾತಿನಾಗ ಅರ್ಧಾ ಉಳಿದಿತ್ತು. ಇವತ್ತ ಸ್ವಲ್ಪ ಸ್ಪೀಡೂ ಏರಿಸಿ ಬಂದೇನಿ, ಆಕಿ ಖುಷ್." ಚೀಲದಿಂದ ಥರ್ಮಾಮೀಟರ್ ತೆಗೆದು ನನ್ನ ಕೈಗಿಟ್ಟ. "ನಿಮ್ಮ ಸೈನ್ಸ್ ಸಿಸ್ಟರ್‌ರ ಇನ್‌ಸ್ಟ್ರುಮೆಂಟ್. ನೀನ ಇಟ್ಕೋ."

ಜಿಟಿಜಿಟಿ ಮಳೆ. ಬೈಲಹೊಂಗಲದ ಬಸ್ಸು ಬಂತು, ನನ್ನದು ಇನ್ನೂ ಬರಬೇಕಿತ್ತು. ಅವನು ಹತ್ತಿ ಕಿಟಕಿಯಿಂದ ತಲೆ ಹೊರಹಾಕಿ, "ಎಷ್ಟೈತಿ?" ಎಂದು ಕೇಳಿದ. ನಾನು ಸೆರಗಿನಿಂದ ಹನಿ ಒರೆಸಿ, ಕನ್ನಡಕ ಏರಿಸಿ, "ಇಪ್ಪತ್ನಾಕು," ಎಂದೆ. ಬಸ್ಸು ಹೊರಟಿತ್ತು. ಕೇಳಿಸಿತೋ ಇಲ್ಲವೋ, ಗೊತ್ತಾಗಲಿಲ್ಲ. ನಂಬಿದವನಂತೆ ತಲೆಯಾಡಿಸುತ್ತ ಹೋದ. ಅವನು ಬದುಕಿದ್ದಾಗ ನಾನು ಕೊನೆಯ ಸಲ ನೋಡಿದ್ದು ಹಾಗೆ.